ಮೊದಲು ಯಾರು ಹೋಗುವುದು

ಜೂನ್ ತಿಂಗಳಲ್ಲಿ ಜರ್ಮನಿಯ ಡ್ರೆಸ್ಡೆನ್‌ನಿಂದ ಕೆಲಸದ ಪತ್ರ ಬಂದ ರಾತ್ರಿ ನಾನು ಎಕ್ಸೆಲ್ ತೆರೆದು ಒಂದು ಪಟ್ಟಿ ಮಾಡಲು ಕುಳಿತೆ. ಸಂಬಳ, ತೆರಿಗೆ, ಆರೋಗ್ಯ ವಿಮೆ, ಶಾಲೆ ಎಂಬ ಸಾಲುಗಳು ಅರ್ಧ ಗಂಟೆಯಲ್ಲಿ ತುಂಬಿದವು. ಆಮೇಲೆ ಪಕ್ಕದಲ್ಲಿ ಇನ್ನೊಂದು ಹಾಳೆ ತೆರೆದು, ಅದಕ್ಕೆ ಏನೆಂದು ಹೆಸರಿಡಬೇಕೆಂದು ತಿಳಿಯದೆ 'ಇತರೆ' ಎಂದು ಬರೆದೆ. ಡ್ರೆಸ್ಡೆನ್‌ನಲ್ಲಿ ನಮ್ಮ ಮುಖ ನೋಡಿ ಮನೆ ಬಾಡಿಗೆಗೆ ಇಲ್ಲ ಎನ್ನುತ್ತಾರೆಯೇ? ಡ್ರೆಸ್ಡೆನ್‌ನಲ್ಲಿ ರಾತ್ರಿ ಪಾಳಿ ಮುಗಿಸಿ ಹೆಂಡತಿ ಒಬ್ಬಳೇ ನಡೆದು ಬರಬಹುದೇ? ಮಗಳ ಕಣ್ಣು ನೋಡಿ ಶಾಲೆಯ ಮಕ್ಕಳು ನಗುತ್ತಾರೆಯೇ? ಅಡುಗೆಯ ವಾಸನೆಗೆ ನೆರೆಯವರು ದೂರು ಕೊಡುತ್ತಾರೆಯೇ? ಪೊಲೀಸರ ಬಳಿ ಹೋದರೆ ನಮ್ಮ ಮಾತನ್ನು ಮೊದಲು ಕೇಳುತ್ತಾರೆಯೇ, ನಮ್ಮ ಕಾಗದಪತ್ರಗಳನ್ನು ಮೊದಲು ಕೇಳುತ್ತಾರೆಯೇ? ಟ್ರಾಮ್‌ನಲ್ಲಿ ಯಾರಾದರೂ ಏನಾದರೂ ಅಂದರೆ ಉಳಿದ ಪ್ರಯಾಣಿಕರು ಬಾಯಿ ಬಿಡುತ್ತಾರೆಯೇ? ಹೀಗೆ ಹದಿನಾಲ್ಕು ಪ್ರಶ್ನೆಗಳಾದವು.

ಮರುದಿನ ಬೆಳಿಗ್ಗೆ ಅದನ್ನು ಹೆಂಡತಿಗೆ ತೋರಿಸಿದೆ. ಅವಳು ನರ್ಸ್. ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದಳು. ಕಾಫಿ ಲೋಟ ಹಿಡಿದುಕೊಂಡು, ರೋಗಿಯ ಚಾರ್ಟ್ ಓದುವ ಹಾಗೆ, ಮುಖದಲ್ಲಿ ಏನನ್ನೂ ತೋರಿಸದೆ ಮೇಲಿನಿಂದ ಕೆಳಗಿನವರೆಗೆ ಓದಿದಳು. ಆಮೇಲೆ, "ಡ್ರೆಸ್ಡೆನ್ ಎಂದು ಇರುವಲ್ಲೆಲ್ಲ ಬೆಂಗಳೂರು ಎಂದು ಹಾಕಿ ಓದು" ಎಂದು ಹೇಳಿ ಸ್ನಾನಕ್ಕೆ ಹೋದಳು.

ಹಾಕಿ ಓದಿದೆ. ಹದಿನಾಲ್ಕರಲ್ಲಿ ಹದಿಮೂರು ಪ್ರಶ್ನೆಗಳಿಗೆ ಉತ್ತರ ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದ್ದು ಟ್ರಾಮ್‌ನದು ಮಾತ್ರ. ನಮ್ಮಲ್ಲಿ ಟ್ರಾಮ್ ಇಲ್ಲ.

ನಾನು ಸಕಲೇಶಪುರದ ಕಡೆಯವನು, ಅವಳು ಮಿಜೋರಾಮಿನ ಐಜ್ವಾಲ್‌ನವಳು. ಹೇಗೆ ಭೇಟಿಯಾದೆವು ಎಂಬುದು ಬೇರೆಯೇ ಕಥೆ, ಅದು ಇಲ್ಲಿ ಬೇಡ. ಮದುವೆಯಾಗಿ ಒಂಬತ್ತು ವರ್ಷ. ಮಗಳಿಗೆ ಆರು. ಮಗಳ ಮುಖ ಅವಳಮ್ಮನದು, ಕನ್ನಡ ನನ್ನಮ್ಮನದು. ಕೆಳಗಿನ ಪಾರ್ಕಿನಲ್ಲಿ ಒಬ್ಬ ಹಿರಿಯರು ಅವಳನ್ನು "ಯಾವ ಊರು ಪುಟ್ಟ?" ಎಂದು ಕೇಳಿದರೆ "ಸಕಲೇಶಪುರ" ಎನ್ನುತ್ತಾಳೆ. ಅವರು ನಕ್ಕು "ಅದಲ್ಲ, ನಿಜವಾದ ಊರು?" ಎನ್ನುತ್ತಾರೆ. ಕೆಟ್ಟವರಲ್ಲ ಅವರು. ಜೇಬಿನಲ್ಲಿ ಕಲ್ಲುಸಕ್ಕರೆ ಇಟ್ಟುಕೊಂಡು ಬರುತ್ತಾರೆ.

ಹನ್ನೊಂದು ಮನೆ, ಹನ್ನೊಂದು ಬೇಕರಿ

ಮದುವೆಯಾದ ಹೊಸದರಲ್ಲಿ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಒಂದೂವರೆ ತಿಂಗಳು ಈ ದಿನಗಳಲ್ಲಿ ಮತ್ತೆ ಮತ್ತೆ ನೆನಪಾಗುತ್ತಿದೆ. ಅಮ್ಮ ಬಂದು ಇರಲು ಅನುಕೂಲವಾಗಲಿ ಎಂದು ಬನಶಂಕರಿಯ ಸುತ್ತಮುತ್ತ ನೋಡುತ್ತಿದ್ದೆವು. ಮೊದಲ ಮನೆಯ ಮಾಲೀಕರು ನಿವೃತ್ತ ಅಧಿಕಾರಿ. ನಾನು ಒಬ್ಬನೇ ಹೋಗಿದ್ದೆ. ಯಾವ ಕಡೆಯವರು ಎಂದು ಕೇಳಿದರು. ಸಕಲೇಶಪುರ ಎಂದೆ. "ಅಯ್ಯೋ, ನಾನು ಹಾಸನದಲ್ಲಿ ಆರು ವರ್ಷ ಇದ್ದೆನಪ್ಪಾ" ಎಂದು ಒಳಗೆ ಕರೆದು ಕಾಫಿ ಕೊಟ್ಟರು. ಮರುದಿನ ಅವಳನ್ನೂ ಕರೆದುಕೊಂಡು ಹೋದೆ. ಗೇಟಿನ ಬಳಿಯೇ ನಿಂತು, ಅಣ್ಣನ ಮಗ ಇದ್ದಕ್ಕಿದ್ದಂತೆ ಮನೆ ಬೇಕು ಎನ್ನುತ್ತಿದ್ದಾನೆ ಎಂದರು. ಎರಡನೆಯ ಮನೆಯಲ್ಲೂ ಒಬ್ಬ ಅಣ್ಣನ ಮಗನಿದ್ದ. ಮೂರನೆಯದರಲ್ಲಿ ಅವರ ಹೆಂಡತಿ ಒಪ್ಪುತ್ತಿರಲಿಲ್ಲ. ಬೆಂಗಳೂರಿನ ಮಾಲೀಕರು ಯಾರೂ ಬಾಯಿಬಿಟ್ಟು ಇಲ್ಲ ಎನ್ನುವುದಿಲ್ಲ, ಅದೊಂದು ಮರ್ಯಾದೆ.

ಆಗ ನನಗೊಂದು ಉಪಾಯ ಹೊಳೆಯಿತು. ನಾನು ಒಬ್ಬನೇ ಹೋಗುವುದು, ಮಾತನಾಡುವುದು, ಮುಂಗಡ ಕೊಟ್ಟು ಕರಾರುಪತ್ರಕ್ಕೆ ಸಹಿ ಹಾಕುವುದು, ಅವಳನ್ನು ಆಮೇಲೆ ಕರೆತರುವುದು. ಆ ಉಪಾಯದ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಸ್ನೇಹಿತರಿಗೆ ಹೇಳಿ ನಗಿಸುತ್ತಿದ್ದೆ. ಹಾಗೆಯೇ ಮನೆಯೂ ಸಿಕ್ಕಿತು. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಕೊಟ್ಟು, ಹಾಲುಕ್ಕಿಸುವ ದಿನ ಅವಳನ್ನು ಕರೆದುಕೊಂಡು ಹೋದೆ. ಮಾಲೀಕರ ಹೆಂಡತಿ ಅರಿಸಿನ ಕುಂಕುಮದ ತಟ್ಟೆ ಹಿಡಿದುಕೊಂಡೇ ಮೇಲೆ ಬಂದರು. ಒಲೆಯ ಮುಂದೆ ನಿಂತು ಹಾಲಿನ ಪಾತ್ರೆ ಹಿಡಿದಿದ್ದ ನನ್ನ ಹೆಂಡತಿಯನ್ನು ನೋಡಿದರು, ನನ್ನನ್ನು ನೋಡಿದರು. "ಮನೆಯವರು ಯಾವಾಗ ಬರುತ್ತಾರೆ?" ಎಂದು ಕೇಳಿದರು.

ಆ ಮನೆಯಲ್ಲಿ ನಾಲ್ಕು ವರ್ಷ ಇದ್ದೆವು. ಆ ಅಮ್ಮ ಕ್ರಮೇಣ ಅವಳಿಂದಲೇ ರಕ್ತದೊತ್ತಡ ನೋಡಿಸಿಕೊಳ್ಳತೊಡಗಿದರು. ಬೇಕಾಂಗ್ ಬೇಯಿಸಿದ ದಿನ ಮಾತ್ರ ಕೆಳಗಿನಿಂದ ಫೋನ್ ಬರುತ್ತಿತ್ತು. ಬೇಕಾಂಗ್ ಎಂದರೆ ಹುಳಿಬರಿಸಿದ ಸೋಯಾ ಕಾಳು. ವಾಸನೆ ಜೋರು ಎಂಬುದನ್ನು ನಾನೂ ಒಪ್ಪುತ್ತೇನೆ. ಫೋನ್ ಮಾತ್ರ ಯಾವಾಗಲೂ ನನಗೇ ಬರುತ್ತಿತ್ತು, ಬೇಯಿಸುತ್ತಿದ್ದವಳಿಗಲ್ಲ.

ಈ ಕಥೆಯನ್ನು ಇಷ್ಟು ವರ್ಷ ನಾನು ಗೆದ್ದ ಕಥೆಯಾಗಿಯೇ ಹೇಳಿಕೊಂಡು ಬಂದಿದ್ದೆ. ಮೊನ್ನೆ ಪಟ್ಟಿಯ ಮಾತು ಬಂದಾಗ ಮತ್ತೆ ಹೇಳಲು ಹೊರಟೆ. ಅವಳು ತಡೆದು, "ನೀನು ಹನ್ನೊಂದು ಮನೆ ನೋಡಿದೆ, ನಾನು ಹನ್ನೊಂದು ಬೇಕರಿ ನೋಡಿದೆ" ಎಂದಳು. ನಿಜ. ನಾನು ಒಳಗೆ ಊರು, ಕೆಲಸ, ನೀರಿನ ಸಂಪರ್ಕ ಎಂದೆಲ್ಲ ಮಾತನಾಡುತ್ತಿದ್ದಾಗ ಅವಳು ರಸ್ತೆಯ ತುದಿಯ ಬೇಕರಿಯ ಮುಂದೆ ಟೀ ಕುಡಿಯುತ್ತ ನಿಂತಿರುತ್ತಿದ್ದಳು. ಮಾಲೀಕರು ಅಕಸ್ಮಾತ್ ಹೊರಗೆ ಬಂದರೆ ಕಾಣಬಾರದೆಂದು ಅಷ್ಟು ದೂರ. ಅಷ್ಟು ದೂರ ನಿಲ್ಲು ಎಂದು ಹೇಳಿದವನು ನಾನೇ.

ನಾಲ್ಕು ದಿನದ ವಾಯಿ

ಇದರ ಇನ್ನೊಂದು ಮಗ್ಗುಲು ಐಜ್ವಾಲ್‌ನಲ್ಲಿ ನಡೆದದ್ದು. ಮದುವೆಯ ಮಾತಿಗೆಂದು ಮೊದಲ ಸಲ ಹೋದಾಗ ಲೆಂಗ್‌ಪುಯಿ ವಿಮಾನ ನಿಲ್ದಾಣದಲ್ಲಿ ಇಳಿದ ಕೂಡಲೇ ಅವಳು ನೇರ ಹೊರಗೆ ನಡೆದಳು, ನಾನು ಇನ್ನರ್ ಲೈನ್ ಪರ್ಮಿಟ್‌ನ ಸಾಲಿನಲ್ಲಿ ನಿಂತೆ. ನನ್ನದೇ ದೇಶದೊಳಗೆ ಒಂದು ಊರಿಗೆ ಹೋಗಲು ಫೋಟೊ ಕೊಟ್ಟು, ಶುಲ್ಕ ಕಟ್ಟಿ, ಎಷ್ಟು ದಿನ ಇರುತ್ತೇನೆ ಎಂದು ಬರೆದುಕೊಡುವುದು ನನಗೆ ಅದೇ ಮೊದಲು. ಗಾಜಿನಾಚೆ ಅವಳು ತನ್ನ ತಮ್ಮನ ಜೊತೆ ನಗುತ್ತ ಮಾತನಾಡುತ್ತಿದ್ದಳು. ಬೆಂಗಳೂರಿನಲ್ಲಿ ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕೇಳಿರಲಿಲ್ಲ.

ಬಾರಾ ಬಜಾರಿನ ಇಳಿಜಾರಿನಲ್ಲಿ ಅವಳು ಮುಂದೆ, ನಾನು ಹಿಂದೆ. ಅಂಗಡಿಯವರು ಅವಳೊಡನೆ ಮಾತನಾಡಿ, ನನ್ನ ಕಡೆ ಗಲ್ಲ ತೋರಿಸಿ ಏನೋ ಕೇಳುತ್ತಿದ್ದರು. ಆ ಮಾತಿನಲ್ಲಿ 'ವಾಯಿ' ಎಂಬ ಶಬ್ದ ಪ್ರತಿ ಸಲ ಬರುತ್ತಿತ್ತು. ರಾತ್ರಿ ಕೇಳಿದೆ. ಹೊರಗಿನವನು, ಬಯಲುಸೀಮೆಯಿಂದ ಬಂದವನು ಎಂದಳು. ಬೈಗುಳವೇ ಎಂದೆ. "ಹೇಳುವವರ ಮೇಲೆ ಹೋಗುತ್ತದೆ" ಎಂದಳು. ಅವಳ ದೊಡ್ಡಪ್ಪ ಮಾತ್ರ ನೇರವಾಗಿ ವಿಷಯಕ್ಕೆ ಬಂದರು. ಮಿಜೊ ಮನೆತನ ತಂದೆಯಿಂದ ಬರುವುದು, ವಾಯಿಗೆ ಹುಟ್ಟಿದ ಮಗು ಏನಾಗುತ್ತದೆ ಎಂದು ಯೋಚಿಸಿದ್ದೀರಾ ಎಂದು ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದೇ ಪ್ರಶ್ನೆಯನ್ನು ನನ್ನ ಸೋದರಮಾವ ಸಕಲೇಶಪುರದಲ್ಲಿ ಬಹಳ ಸಿಟ್ಟಿನಿಂದ ಕೇಳಿದ್ದರು.

ನಾಲ್ಕು ದಿನ ಅಲ್ಲಿದ್ದೆ. ಭಾನುವಾರ ಇಡೀ ಊರು ಅಂಗಡಿ ಮುಚ್ಚಿಕೊಂಡು ಚರ್ಚಿಗೆ ಹೋಯಿತು. ಬೆಂಚಿನ ಮೇಲೆ ಕುಳಿತ ನನಗೆ ಪ್ರತಿ ತಿರುಗಿದ ಕತ್ತೂ ಲೆಕ್ಕಕ್ಕೆ ಸಿಕ್ಕಿತು. ಯಾರೂ ನನಗೆ ಕೆಟ್ಟದ್ದು ಮಾಡಲಿಲ್ಲ, ಅನ್ನಲಿಲ್ಲ. ಹೊಗೆಯಾಡಿಸಿದ ಹಂದಿಮಾಂಸವನ್ನು ಮತ್ತೆ ಮತ್ತೆ ಬಡಿಸಿದರು. (ನಮ್ಮ ಮಲೆನಾಡಿನಲ್ಲೂ ಒಲೆಯ ಮೇಲೆ ಮಾಂಸ ತೂಗುಹಾಕಿ ಒಣಗಿಸುವುದುಂಟು. ಮುಂದೆ ಅಮ್ಮ ಮತ್ತು ಅವಳ ನಡುವೆ ಮೊದಲ ನಿಜವಾದ ಮಾತುಕತೆ ನಡೆದದ್ದು ಉಪ್ಪುಕಂಡದ ಬಗ್ಗೆ. ಮಳೆಗಾಲದ ಕಡುಬಿಗೆ ಯಾವ ಸಾರು ಎಂಬಲ್ಲಿ ಇಬ್ಬರಿಗೂ ಎರಡು ಮಾತಿರಲಿಲ್ಲ.) ಆದರೂ ಐದನೆಯ ದಿನ ವಿಮಾನ ಹತ್ತಿದಾಗ ಭುಜದಿಂದ ಏನೋ ಇಳಿದಂತಾಯಿತು. ಅವಳು ನರ್ಸಿಂಗ್ ಓದಲು ಬೆಂಗಳೂರಿಗೆ ಬಂದು ಆ ಹೊತ್ತಿಗೆ ಐದು ವರ್ಷವಾಗಿತ್ತು. ಆ ಲೆಕ್ಕ ಆಗ ನನ್ನ ತಲೆಗೆ ಬರಲಿಲ್ಲ.

'ನೀತಿ' ಮತ್ತು ತಮಾಷೆ

ಶಾಲೆಯಲ್ಲಿ ನಾವು 'ವರ್ಣಭೇದ ನೀತಿ' ಎಂದು ಕಲಿತೆವು. ಆ ಪದದ ಜೊತೆಗೆ ಯಾವಾಗಲೂ ದಕ್ಷಿಣ ಆಫ್ರಿಕಾ ಬರುತ್ತಿತ್ತು. ಪೀಟರ್‌ಮಾರಿಟ್ಜ್‌ಬರ್ಗ್ ನಿಲ್ದಾಣದಲ್ಲಿ 1893ರಲ್ಲಿ ರೈಲಿನಿಂದ ಹೊರದೂಡಿಸಿಕೊಂಡ ಗಾಂಧಿ ಬರುತ್ತಿದ್ದರು. ದೂಡುವವರು ಬಿಳಿಯರು, ದೂಡಿಸಿಕೊಳ್ಳುವವರು ನಾವು. ಅದು ಸರ್ಕಾರ ಬರೆದಿಟ್ಟ ನೀತಿಯಾದ್ದರಿಂದ ಎಲ್ಲಿ ನೀತಿ ಇಲ್ಲವೋ ಅಲ್ಲಿ ಅದೂ ಇಲ್ಲ ಎಂದು ಮನಸ್ಸು ಒಪ್ಪಿಬಿಟ್ಟಿತ್ತು. ನಮ್ಮ ಕಾಲೇಜಿನ ಹಾಸ್ಟೆಲ್ಲಿನಲ್ಲಿ ಈಶಾನ್ಯದ ಹುಡುಗರನ್ನು ಕರೆಯುತ್ತಿದ್ದ ಹೆಸರುಗಳಿಗೆ ನಾವಿಟ್ಟ ಹೆಸರು ತಮಾಷೆ.

2016ರ ಜನವರಿ ಕೊನೆಯಲ್ಲಿ ಹೆಸರಘಟ್ಟದ ಬಳಿ ಸುಡಾನ್‌ನ ಒಬ್ಬನ ಕಾರು ಬಡಿದು ಸ್ಥಳೀಯ ಮಹಿಳೆಯೊಬ್ಬರು ಸತ್ತರು. ಅರ್ಧ ಗಂಟೆಯ ನಂತರ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಕಾರಿನಿಂದ ಎಳೆದು ಬಡಿದು ಬಟ್ಟೆ ಹರಿಯಿತು. ಅವಳಿಗೂ ಆ ಅಪಘಾತಕ್ಕೂ ಸಂಬಂಧವೇ ಇರಲಿಲ್ಲ. ಆಗ ಕಚೇರಿಯ ಊಟದ ಮೇಜಿನಲ್ಲಿ, "ಇದು ಜನಾಂಗದ ವಿಷಯವಲ್ಲ, ಅಪಘಾತದ ಸಿಟ್ಟು" ಎಂದು ವಾದಿಸಿದವರಲ್ಲಿ ನಾನೂ ಒಬ್ಬ. ಅಷ್ಟು ಹೊತ್ತಿಗೆ ನಾನು ಒಬ್ಬ ಮಿಜೊ ಹುಡುಗಿಯನ್ನು ಪ್ರೀತಿಸುತ್ತಿದ್ದೆ ಎಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ. ಸಂಜೆ ಅದೇ ವಾದವನ್ನು ಅವಳ ಮುಂದೆಯೂ ಮಂಡಿಸಿದೆ. ಅವಳು ಏನೂ ಹೇಳಲಿಲ್ಲ. ಹೇಳದೆ ಇರುವುದು ಅವಳ ಒಪ್ಪಿಗೆ ಎಂದುಕೊಂಡೆ.

ಅವಳು ಹೇಳದೆ ಉಳಿಸಿಕೊಂಡದ್ದು ಬಹಳವಿತ್ತು, ನಾನು ಕೇಳುತ್ತ ಹೋದಂತೆ ಒಂದೊಂದಾಗಿ ಹೊರಬಂತು. 2012ರ ಆಗಸ್ಟ್‌ನಲ್ಲಿ ಈಶಾನ್ಯದವರ ಮೇಲೆ ದಾಳಿಯಾಗುತ್ತದೆ ಎಂಬ ವದಂತಿ ಎಸ್ಎಂಎಸ್‌ಗಳಲ್ಲಿ ಹರಡಿ, ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದ್ದು ನಿಮಗೆ ನೆನಪಿರಬಹುದು. ಸರ್ಕಾರ ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಎಂಎಸ್ ಕಳುಹಿಸುವಂತಿಲ್ಲ ಎಂದು ಮಿತಿ ಹಾಕಿತು. ನನಗೆ ಆ ದಿನಗಳಿಂದ ನೆನಪಿರುವುದು ಆ ಮಿತಿಯ ಕಿರಿಕಿರಿ ಮಾತ್ರ. ಅವಳು ಆಗ ಎರಡನೆಯ ವರ್ಷದ ವಿದ್ಯಾರ್ಥಿನಿ. ಗೆಳತಿಯರ ಜೊತೆ ಚೀಲ ಹೊತ್ತು ಸಿಟಿ ರೈಲು ನಿಲ್ದಾಣಕ್ಕೆ ಹೋಗಿದ್ದಳಂತೆ. ಗುವಾಹಟಿ ತಲುಪಿದ ಮೇಲೆ ಐಜ್ವಾಲ್‌ಗೆ ಇನ್ನೂ ಒಂದು ದಿನದ ದಾರಿ. ಅದರ ಖರ್ಚು ಲೆಕ್ಕ ಹಾಕಿ ಪ್ಲಾಟ್‌ಫಾರ್ಮ್‌ನಿಂದ ಹಿಂದಿರುಗಿದಳು. "ಎಲ್ಲರೂ ಧೈರ್ಯವಂತೆ ಎಂದರು, ನನ್ನ ಹತ್ತಿರ ದುಡ್ಡಿರಲಿಲ್ಲ ಅಷ್ಟೇ" ಎಂದಳು.

ಅವಳ ಕನ್ನಡವನ್ನು ನಮ್ಮ ಬಂಧುಗಳೆಲ್ಲ ಹೊಗಳುತ್ತಾರೆ. ವಾರ್ಡಿನಲ್ಲಿ ಮಂಡ್ಯದ ಅಜ್ಜಿಯರಿಂದ ಕಲಿತ ಕನ್ನಡ, ಗಾದೆಗಳ ಸಮೇತ. ಎಷ್ಟು ಪ್ರೀತಿಯಿಂದ ಕಲಿತಿದ್ದಾಳೆ ಎಂದು ನಾನೂ ಹೇಳಿಕೊಂಡು ತಿರುಗಿದ್ದೇನೆ. 2014ರ ಅಕ್ಟೋಬರ್‌ನಲ್ಲಿ ಕೊತ್ತನೂರಿನಲ್ಲಿ ಕನ್ನಡ ಮಾತನಾಡಲಿಲ್ಲವೆಂದು ಮಣಿಪುರದ ಮೂವರು ಯುವಕರನ್ನು ಹೊಡೆದರಲ್ಲ, ಅದರ ಮರುವಾರವೇ ಅವಳು ಮೂವತ್ತು ದಿನಗಳಲ್ಲಿ ಕನ್ನಡ ಕಲಿಸುವ ಪುಸ್ತಕ ಕೊಂಡದ್ದು. ಪ್ರೀತಿ ಆಮೇಲೆ ಬಂತು ಎನ್ನುತ್ತಾಳೆ. ಬಂದದ್ದಂತೂ ನಿಜ, ನಾನು ಗಾದೆ ತಪ್ಪಿ ಹೇಳಿದರೆ ತಿದ್ದುತ್ತಾಳೆ.

ಇನ್ನು 2020ರ ಮಾರ್ಚ್. ಆಸ್ಪತ್ರೆಯಿಂದ ಬರುವಾಗ ಬಸ್ ನಿಲ್ದಾಣದಲ್ಲಿ ಇಬ್ಬರು ಹುಡುಗರು ಅವಳನ್ನು ನೋಡಿ "ಕೊರೊನಾ, ಕೊರೊನಾ" ಎಂದು ಕೂಗಿ ಮೂಗು ಮುಚ್ಚಿಕೊಂಡರು. ಅದೇ ವಾರದ ಭಾನುವಾರ, ಮಾರ್ಚ್ 22, ಸಂಜೆ ಐದಕ್ಕೆ ವೈದ್ಯರಿಗೂ ನರ್ಸ್‌ಗಳಿಗೂ ಕೃತಜ್ಞತೆಯೆಂದು ಇಡೀ ಬೀದಿ ಮಹಡಿಯ ಮೇಲೆ ನಿಂತು ತಟ್ಟೆ ಬಡಿಯಿತು. ರಾತ್ರಿ ಪಾಳಿ ಮಾಡಿ ಮಲಗಿದ್ದವಳು ಗಾಬರಿಯಿಂದ ಎದ್ದು ಬಂದು, "ಯಾರ ಮನೆಯಲ್ಲಿ ಮದುವೆ?" ಎಂದು ಕೇಳಿದಳು. ನಾನೂ ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದೆ.

ಎಲ್ಬೆ ನದಿಯ ಊರು

ಇಷ್ಟಾದರೂ ಎರಡೂ ಊರು ಒಂದೇ, ಆದ್ದರಿಂದ ಹೆದರಿಕೆಗೆ ಅರ್ಥವಿಲ್ಲ ಎಂದು ಹೇಳುವಷ್ಟು ಸುಲಭವಾಗಿ ನನ್ನ ತಲೆ ಓಡುವುದಿಲ್ಲ. ಡ್ರೆಸ್ಡೆನ್ ಇರುವುದು ಸ್ಯಾಕ್ಸನಿ ರಾಜ್ಯದಲ್ಲಿ. 2024ರ ಆಗಸ್ಟ್ 20ರಂದು ತೈವಾನ್‌ನ ದೊಡ್ಡ ಚಿಪ್ ಕಂಪನಿಯೊಂದು ಯುರೋಪಿನ ಸಂಸ್ಥೆಗಳ ಜೊತೆಗೂಡಿ ಅಲ್ಲಿ ಹತ್ತು ಬಿಲಿಯನ್ ಯೂರೊಗೂ ಮೀರಿದ ಕಾರ್ಖಾನೆಗೆ ಅಡಿಗಲ್ಲು ಹಾಕಿತು. ಅದಾದ ಹನ್ನೆರಡನೆಯ ದಿನ, ಸೆಪ್ಟೆಂಬರ್ 1ರಂದು, ಅದೇ ರಾಜ್ಯದ ಚುನಾವಣೆಯಲ್ಲಿ ವಲಸಿಗರನ್ನು ವಿರೋಧಿಸುವ ಎಎಫ್‌ಡಿ ಪಕ್ಷ ಶೇ 30.6 ಮತ ಪಡೆದು ಕೂದಲೆಳೆಯಲ್ಲಿ ಎರಡನೆಯ ಸ್ಥಾನಕ್ಕೆ ನಿಂತಿತು. ಮರು ತಿಂಗಳು ಜರ್ಮನಿ ಸರ್ಕಾರ ಭಾರತದ ನುರಿತ ಕೆಲಸಗಾರರಿಗೆ ಕೊಡುವ ವೀಸಾಗಳನ್ನು ವರ್ಷಕ್ಕೆ 20 ಸಾವಿರದಿಂದ 90 ಸಾವಿರಕ್ಕೆ ಏರಿಸುವುದಾಗಿ ಹೇಳಿತು. ಬನ್ನಿ ಎನ್ನುವವರೂ ಬೇಡ ಎನ್ನುವವರೂ ಒಂದೇ ಬಾಗಿಲಲ್ಲಿ ನಿಂತಿದ್ದಾರೆ. ನನಗೆ ಬಂದ ಪತ್ರ ಬನ್ನಿ ಎನ್ನುವವರದು.

ಅಲ್ಲಿ ಒಂಬತ್ತು ವರ್ಷದಿಂದಿರುವ ಹುಬ್ಬಳ್ಳಿಯ ಗೆಳೆಯನೊಬ್ಬನಿಗೆ ಫೋನ್ ಮಾಡಿದೆ. "ನಮಗೇನೂ ಇಲ್ಲಪ್ಪ, ನಾವು ಕೆಲಸಕ್ಕೆ ಬಂದವರು, ತೆರಿಗೆ ಕಟ್ಟುವವರು. ಅವರಿಗೆ ಸಿಟ್ಟಿರುವುದು ಆ ನಿರಾಶ್ರಿತರ ಮೇಲೆ" ಎಂದ. ಹಾಗಾದರೆ ನಿನಗೆ ಯಾವತ್ತೂ ತೊಂದರೆಯೇ ಆಗಿಲ್ಲವೇ ಎಂದೆ. ಇಲ್ಲವೇ ಇಲ್ಲ ಎಂದವನು ಸ್ವಲ್ಪ ತಡೆದು, ಪೆಗಿಡಾ ಎಂಬ ವಲಸೆವಿರೋಧಿ ಗುಂಪಿನ ಮೆರವಣಿಗೆಗಳು ನಡೆಯುತ್ತಿದ್ದಾಗ ಸೋಮವಾರ ಸಂಜೆ ಹಳೆಯ ಪೇಟೆಯ ಕಡೆ ಹೋಗುತ್ತಿರಲಿಲ್ಲ ಅಷ್ಟೇ ಎಂದ. 2014ರ ಅಕ್ಟೋಬರ್‌ನಲ್ಲಿ ಡ್ರೆಸ್ಡೆನ್‌ನಲ್ಲಿ ಶುರುವಾದ ಆ ಮೆರವಣಿಗೆಗಳು ಸೋಮವಾರಗಳಂದೇ ನಡೆಯುತ್ತಿದ್ದವು. ಹಾಗೆಂದರೆ ವಾರದಲ್ಲಿ ಒಂದು ಸಂಜೆ ಊರಿನ ಒಂದು ಭಾಗ ಇವನದಾಗಿರಲಿಲ್ಲ; ಅದನ್ನು ಅವನು ತೊಂದರೆಯ ಖಾತೆಗೆ ಹಾಕಿರಲಿಲ್ಲ. ನಗಬೇಕೆನಿಸಿತು, ನಗಲಿಲ್ಲ. ನಾವು ದೂರದಲ್ಲಿ ನಿಲ್ಲಿಸಿದ ಬೇಕರಿಯೂ ಹಾಗೇ ಅಲ್ಲವೇ, ಯಾವ ಖಾತೆಯಲ್ಲೂ ಇಲ್ಲದ್ದು.

ಹೆಂಡತಿ ಓದಿದ್ದು ಬೇರೆ. ಪೂರ್ವ ಜರ್ಮನಿ ಇದ್ದ ಕಾಲದಲ್ಲಿ, 1980ರ ಒಪ್ಪಂದದ ನಂತರ, ವಿಯೆಟ್ನಾಮ್‌ನಿಂದ ಕಾರ್ಖಾನೆಗಳಿಗೆ ಗುತ್ತಿಗೆ ಕೆಲಸಗಾರರು ಬಂದರು. 1989ರಲ್ಲಿ ಅವರ ಸಂಖ್ಯೆ ಸುಮಾರು 60 ಸಾವಿರ. ಗರ್ಭಿಣಿಯಾದ ಹೆಂಗಸಿಗೆ ಗರ್ಭಪಾತ ಅಥವಾ ಮರಳಿ ಊರು, ಇವೆರಡೇ ದಾರಿ. ಬರ್ಲಿನ್ ಗೋಡೆ ಬಿದ್ದ ಮೇಲೆ ಕೆಲಸ ಹೋಯಿತು, ಸಿಟ್ಟು ಅವರ ಕಡೆ ತಿರುಗಿತು. 1992ರ ಆಗಸ್ಟ್‌ನಲ್ಲಿ ರೋಸ್ಟಾಕ್ ನಗರದ ಲಿಖ್ಟೆನ್‌ಹಾಗೆನ್‌ನಲ್ಲಿ ನೂರಕ್ಕೂ ಹೆಚ್ಚು ವಿಯೆಟ್ನಾಮೀಯರಿದ್ದ ಕಟ್ಟಡಕ್ಕೆ ಬೆಂಕಿ ಹಚ್ಚಿದರು. ಅವರು ಛಾವಣಿಯ ಮೇಲೇರಿ ಜೀವ ಉಳಿಸಿಕೊಂಡರು. ಕೆಳಗೆ ನಿಂತು ನೋಡುತ್ತಿದ್ದ ನೆರೆಯವರು ಚಪ್ಪಾಳೆ ತಟ್ಟಿದರು. ಇದನ್ನೆಲ್ಲ ಹೇಳಿ ಅವಳು, "ಇಲ್ಲಿ ನಾನು ನೇಪಾಳಿ, ಚೀನೀ. ಅಲ್ಲಿ ವಿಯೆಟ್ನಾಮಿ. ನನ್ನ ಊರಿನ ಹೆಸರು ಹಿಡಿದು ನನ್ನನ್ನು ಬೈಯುವವರು ಯಾರೂ ಇಲ್ಲ" ಎಂದಳು. ಆಮೇಲೆ ನನ್ನನ್ನು ನೋಡಿ, "ನೀನು ಏನಾಗುತ್ತೀಯೋ, ತುರ್ಕಿಯವನೋ ಅರಬನೋ, ಮೊದಲ ಸಲ ನಿನಗೂ ಒಂದು ದೇಶ ಸಿಗುತ್ತದೆ" ಎಂದು ನಕ್ಕಳು.

ಮಾರ್ವಾ ಎಲ್ ಶೆರ್ಬಿನಿಯ ವಿಷಯವನ್ನು ಅವಳಿಗೆ ಓದಿ ಹೇಳಿದವನು ನಾನು, ಹೇಳಬಾರದಿತ್ತೇನೋ. ಈಜಿಪ್ಟಿನ ಔಷಧ ತಜ್ಞೆ. ಗಂಡ ಡ್ರೆಸ್ಡೆನ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಸಂಶೋಧಕ, ನನ್ನ ಹಾಗೆಯೇ ಕೆಲಸದ ಪತ್ರ ಹಿಡಿದು ಬಂದವನು. ಮಕ್ಕಳು ಆಡುವ ಜಾಗದಲ್ಲಿ ಮಗನಿಗೆ ಉಯ್ಯಾಲೆ ಬಿಟ್ಟುಕೊಡು ಎಂದು ಕೇಳಿದ್ದಕ್ಕೆ ಒಬ್ಬ ಅವಳ ತಲೆವಸ್ತ್ರ ನೋಡಿ ಬೈದ. ಅವಳು ದೂರು ಕೊಟ್ಟಳು, ಅವನಿಗೆ ದಂಡ ಬಿತ್ತು, ಪ್ರಕರಣ ಮೇಲ್ಮನವಿಗೆ ಹೋಯಿತು. 2009ರ ಜುಲೈ 1ರಂದು ಸಾಕ್ಷಿ ಹೇಳಲು ಬಂದ ಅವಳನ್ನು ಅವನು ನ್ಯಾಯಾಲಯದ ಕೋಣೆಯೊಳಗೇ ಇರಿದು ಕೊಂದ. ಅವಳು ಗರ್ಭಿಣಿ. ತಡೆಯಲು ಹೋದ ಗಂಡನಿಗೂ ಇರಿದ. ಒಳಗೆ ಓಡಿಬಂದ ಪೊಲೀಸ್ ಅಧಿಕಾರಿ ದಾಳಿಕೋರ ಯಾರೆಂದು ತಪ್ಪು ತಿಳಿದು ಗುಂಡು ಹಾರಿಸಿದ್ದು ಗಂಡನ ಕಾಲಿಗೆ.

"ಮಗು ಅಲ್ಲೇ ಇತ್ತೇ?" ಎಂದು ಕೇಳಿದಳು. ಇತ್ತು, ಮೂರು ವರ್ಷ ಎಂದೆ. ಲ್ಯಾಪ್‌ಟಾಪ್ ಮುಚ್ಚು ಎಂದಳು.

ನನ್ನ ನಿದ್ದೆ ಕೆಡಿಸಿದ್ದು ಆ ಗುಂಡು. ಕ್ಷಣಾರ್ಧದಲ್ಲಿ ಒಂದು ಮುಖ ನೋಡಿ, ಇವನೇ ಎಂದು ತೀರ್ಮಾನಿಸಿದ ಕಣ್ಣು. ಇಲ್ಲಿಯವರೆಗೆ ಅಂಥ ಕಣ್ಣುಗಳ ಮುಂದೆ ನನ್ನ ಮುಖ ನಮ್ಮ ಮನೆಯ ಪಾಸ್ ಆಗಿತ್ತು. ಮನೆ ಮಾಲೀಕರಿಗೆ, ಶಾಲೆಯ ಸಂದರ್ಶನಕ್ಕೆ, ರಾತ್ರಿ ಬೈಕ್ ತಡೆದ ಪೊಲೀಸರಿಗೆ ನಾನು ಮುಂದೆ ಹೋಗುತ್ತಿದ್ದೆ, ಅವಳು ಹಿಂದೆ ಬರುತ್ತಿದ್ದಳು. ಐಜ್ವಾಲ್‌ನಲ್ಲಿ ಅವಳು ಮುಂದೆ, ನಾನು ಹಿಂದೆ. ನಮ್ಮಂಥ ಜೋಡಿಗಳಿಗೆ ಇರುವ ಅನುಕೂಲವೇ ಅದು: ಯಾವ ಊರಿಗೆ ಹೋದರೂ ಇಬ್ಬರಲ್ಲಿ ಒಬ್ಬರ ಮುಖ ನಡೆಯುತ್ತದೆ. ಡ್ರೆಸ್ಡೆನ್‌ನಲ್ಲಿ ಮುಂದೆ ಕಳುಹಿಸಲು ನಮ್ಮಲ್ಲಿ ಯಾರೂ ಇಲ್ಲ. "ನಿನ್ನ ಹೆದರಿಕೆ ನನ್ನ ಬಗ್ಗೆಯೋ ನಿನ್ನ ಬಗ್ಗೆಯೋ?" ಎಂದು ಅವಳು ಕೇಳಿದಾಗ ನಾನು ತಟ್ಟನೆ "ನಿನ್ನ ಬಗ್ಗೆ, ಮಗಳ ಬಗ್ಗೆ" ಎಂದೆ. ಪಟ್ಟಿಯನ್ನು ಮತ್ತೆ ಓದಿದರೆ, ಹದಿನಾಲ್ಕರಲ್ಲಿ ಅವಳಿಗೆ ಹೊಸದಾದ ಪ್ರಶ್ನೆ ಒಂದೂ ಇಲ್ಲ. ಹಾಗಿದ್ದ ಮೇಲೆ ಆ ಪಟ್ಟಿ ಯಾರದ್ದು ಎಂಬುದು ನನಗೆ ತಿಳಿಯದ ವಿಷಯವಲ್ಲ.

ಅವಳ ಲೆಕ್ಕ ಸರಳ. ಎರಡು ವರ್ಷದಿಂದ, ನನಗೆ ಈ ಪತ್ರ ಬರುವ ಮೊದಲೇ, ಕೇರಳದ ನರ್ಸ್‌ಗಳ ಜೊತೆ ಸೇರಿ ಜರ್ಮನ್ ಕಲಿಯುತ್ತಿದ್ದಾಳೆ. ಭಾಷೆಯ ಬಿ1 ಹಂತ ಮುಗಿದಿದೆ, ನರ್ಸ್ ಆಗಿ ನೋಂದಣಿಗೆ ಅದರ ಮುಂದಿನ ಬಿ2 ಬೇಕು. "ನೋಡುವವರು ಎರಡೂ ಕಡೆ ನೋಡುತ್ತಾರೆ, ಅಲ್ಲಿ ಸಂಬಳ ಹೆಚ್ಚು" ಎನ್ನುತ್ತಾಳೆ. ಅಲ್ಲಿ ತಾರತಮ್ಯದ ವಿರುದ್ಧ 2006ರಿಂದ ಒಂದು ಕಾಯ್ದೆ ಇದೆ, ಮನೆ ಬಾಡಿಗೆಯೂ ಅದರೊಳಗೆ ಬರುತ್ತದೆ ಎಂದು ನಾನು ಓದಿ ಹೇಳಿದೆ. ಅಲ್ಲಿಯ ಅಣ್ಣನ ಮಗಂದಿರಿಗೆ ಆ ಕಾಯ್ದೆ ಗೊತ್ತಿದೆಯೇ ಎಂದು ಕೇಳಿದಳು. 2017ರಲ್ಲಿ ಅಲ್ಲಿನ ಪತ್ರಕರ್ತರು ಜರ್ಮನ್ ಹೆಸರುಗಳಿಂದಲೂ ತುರ್ಕಿ, ಅರಬ್ ಹೆಸರುಗಳಿಂದಲೂ ಸುಮಾರು 20 ಸಾವಿರ ಮನೆ ವಿಚಾರಣೆಗಳನ್ನು ಕಳುಹಿಸಿ ನೋಡಿದ್ದರು. ಒಂದೇ ಒಕ್ಕಣೆಯ ಪತ್ರಕ್ಕೆ ಹೆಸರು ನೋಡಿ ಬೇರೆ ಬೇರೆ ಉತ್ತರ ಬಂದಿತ್ತು. ಅಣ್ಣನ ಮಗ ಅಲ್ಲೂ ಇದ್ದಾನೆ.

ಜುಲೈನಲ್ಲಿ ಊರಿಗೆ ಹೋಗಿದ್ದಾಗ ಅಮ್ಮ ಜಗುಲಿಯಲ್ಲಿ ಹಲಸಿನ ತೊಳೆ ಬಿಡಿಸುತ್ತ, "ಅಷ್ಟು ದೂರ ಹೋಗಿ ಯಾರ ಯಾರ ಹತ್ತಿರವೋ ಅನ್ನಿಸಿಕೊಳ್ಳುವುದು ಯಾಕೆ? ಇಲ್ಲಿಯಾದರೆ ಎಲ್ಲರೂ ನಮ್ಮವರೇ" ಎಂದರು. ನನ್ನ ಹೆಂಡತಿ ಪಕ್ಕದಲ್ಲೇ ಕುಳಿತು ಕೈಗೆ ಎಣ್ಣೆ ಸವರಿಕೊಂಡು ಮೇಣ ಬಿಡಿಸುತ್ತಿದ್ದಳು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಮ್ಮನೇ, ಯಾರಿಗೆ ಹೇಳಿದರೋ ತಿಳಿಯದ ಹಾಗೆ, "ನನಗೂ ಮೊದಲು ಏನೂ ಗೊತ್ತಾಗುತ್ತಿರಲಿಲ್ಲ" ಎಂದು ಒಂದು ತೊಳೆಯನ್ನು ಅವಳ ಬಾಯಿಗಿಟ್ಟರು.

ಫೋನ್

ಹೋಗುವುದೆಂದು ಇನ್ನೂ ತೀರ್ಮಾನಿಸಿಲ್ಲ. ಮನೆ ಸಿಗುತ್ತದೆಯೋ ನೋಡೋಣ ಎಂದಷ್ಟೇ ಶುರು ಮಾಡಿದೆವು. ನಮಗೆ ನೆರವಾಗುತ್ತಿರುವ ಏಜೆಂಟ್ ಅರ್ಜಿಯ ಜೊತೆ ಕುಟುಂಬದ ಫೋಟೊ ಇಟ್ಟರೆ ಒಳ್ಳೆಯದು ಎಂದರು. ಫೋಟೊ ಬೇಡ, ಮೊದಲು ಫೋನ್ ಮಾಡೋಣ ಎಂದಳು ಹೆಂಡತಿ. ನಾನು ಮಾಡುತ್ತೇನೆ ಎಂದು ಅಭ್ಯಾಸಬಲದಿಂದ ಕೈ ಚಾಚಿದೆ. ನನ್ನ ಜರ್ಮನ್ ಇನ್ನೂ ನಮಸ್ಕಾರ, ಧನ್ಯವಾದಗಳ ಮಟ್ಟದಲ್ಲಿದೆ. ಅವಳು ಫೋನ್ ಕೊಡಲಿಲ್ಲ.

ನಮಗೆ ಮಧ್ಯಾಹ್ನ ಎರಡೂವರೆ, ಅಲ್ಲಿ ಬೆಳಿಗ್ಗೆ ಹನ್ನೊಂದು. ಸ್ಪೀಕರ್ ಹಾಕಿದಳು. ಆ ಕಡೆ ಒಬ್ಬ ವಯಸ್ಸಾದ ಹೆಂಗಸಿನ ದನಿ. ಅವಳು ಮೂರು ಕೋಣೆಯ ಮನೆ, ಮಗು ಒಂದು, ಗಂಡನಿಗೆ ಚಿಪ್ ಕಂಪನಿಯಲ್ಲಿ ಕೆಲಸ, ತಾನು ನರ್ಸ್ ಎಂದು ಒಂದೊಂದೇ ವಾಕ್ಯ ಹೇಳಿದಳು. ಆ ಕಡೆಯ ದನಿ ಹೂಂಗುಟ್ಟುತ್ತಿತ್ತು, ಒಮ್ಮೆ ನಕ್ಕಿತು ಕೂಡ. ನಾನು ಬಾಗಿಲ ಬಳಿ ನಿಂತಿದ್ದೆ. ಮಗಳು ಮೇಜಿನ ಕೆಳಗೆ ಕುಳಿತು, ಅಲ್ಲಿನ ಶಾಲೆಯಲ್ಲಿ ಮೊದಲ ದಿನ ಮಕ್ಕಳಿಗೆ ಮಿಠಾಯಿ ತುಂಬಿ ಕೊಡುತ್ತಾರೆಂದು ಅವಳಮ್ಮ ಹೇಳಿದ ದೊಡ್ಡ ಕಾಗದದ ಶಂಕುವಿನ ಚಿತ್ರ ಬರೆಯುತ್ತಿದ್ದಳು. ಆಮೇಲೆ ಹೆಸರು ಕೇಳಿದರು.

ಮಿಜೊ ಹೆಸರುಗಳು ಉದ್ದ. ಅವಳದು ಲಾಲ್ ಎಂದು ಶುರುವಾಗುತ್ತದೆ. ಇಲ್ಲಿಯ ಬ್ಯಾಂಕಿನ ಪತ್ರಗಳು ಇಂದಿಗೂ ಅವಳಿಗೆ 'ಶ್ರೀ' ಎಂದೇ ಬರುತ್ತವೆ. ಗಂಡಸರ ಹೆಸರು 'ಅ'ದಲ್ಲಿ, ಹೆಂಗಸರದು 'ಇ'ಯಲ್ಲಿ ಮುಗಿಯುವುದು ಅಲ್ಲಿನ ಪದ್ಧತಿ, ಆದ್ದರಿಂದ ಕೊನೆಯ ಅಕ್ಷರ ಬರುವವರೆಗೆ ಅದು ಯಾರ ಹೆಸರೆಂದು ತಿಳಿಯುವುದಿಲ್ಲ. ಅವಳು ಹೆಸರು ಹೇಳಿದಳು. ಆ ಕಡೆ ಮೌನ. ನಾನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ. ಅವಳು ಅವಸರ ಮಾಡಲಿಲ್ಲ. ತರಗತಿಯಲ್ಲಿ ಕಲಿಸಿದ ಹಾಗೆ, ಅಕ್ಷರಕ್ಕೊಂದು ಜರ್ಮನ್ ಹೆಸರು ಜೋಡಿಸಿ, ಬಿಡಿಬಿಡಿಯಾಗಿ ಹೇಳತೊಡಗಿದಳು. ಎಲ್, ಲುಡ್ವಿಗ್. ಆ, ಆಂಟೋನ್. ಮತ್ತೆ ಎಲ್, ಲುಡ್ವಿಗ್. ಆ ಕಡೆಯಿಂದ ಪೆನ್ನು ಹುಡುಕಿದ ಸದ್ದು ಬಂತು, ನಂತರ, ಇನ್ನೊಮ್ಮೆ ಮೊದಲಿನಿಂದ ಹೇಳಿ ಎಂಬ ಮಾತು. ಅವಳು ಕುರ್ಚಿ ಎಳೆದುಕೊಂಡು ಕುಳಿತು ಮೊದಲಿನಿಂದ ಶುರು ಮಾಡಿದಳು. ಒಂದೊಂದೇ ಅಕ್ಷರ ದಾಟಿ ಕೊನೆಯದಕ್ಕೆ ಬಂದಳು.

"ಈ," ಎಂದಳು, "ಈಡಾ."